ಪುನರ್ಪುಳಿಯ ಕೆಂಪು ಮಳೆಗಾಲ ದಾಟಬೇಕಾದರೆ: ಗಿಡದ ಬಣ್ಣಕ್ಕೆ ಗೋಂದಿನ ಕವಚ ಹಾಕುವ ವಿಧಾನ

ಏಪ್ರಿಲ್-ಮೇನಲ್ಲಿ ಹಿಂಡಿದ ಪುನರ್ಪುಳಿ ರಸದ ಕೆಂಪು ಕಣ್ಣು ಕುಕ್ಕುವಂತಿರುತ್ತದೆ. ಅದೇ ಬಾಟಲಿ ದೀಪಾವಳಿ ಹೊತ್ತಿಗೆ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ, ಇನ್ನೂ ಬಿಟ್ಟರೆ ಕಂದು. ರಸ ಹಾಳಾಗಿರುವುದಿಲ್ಲ, ಹುಳಿಯೂ ಹಾಗೇ ಇರುತ್ತದೆ, ಆದರೆ ಕೊಳ್ಳುವವರು ಬಣ್ಣ ನೋಡಿಯೇ ಮೂಗು ಮುರಿಯುತ್ತಾರೆ. ಆಗ ಒಂದು ಚಿಟಿಕೆ ಕೃತಕ ಕೆಂಪು ಬೆರೆಸಿ ಮುಗಿಸುವವರೂ ಇದ್ದಾರೆ. ಅದರ ಬದಲು ಬಣ್ಣವನ್ನು ಗೋಂದಿನಂಥ, ತಿನ್ನಬಹುದಾದ, ಮಣ್ಣಿಗೆ ಬಿದ್ದರೆ ತಾನೇ ಕೊಳೆಯುವ ಪಾಲಿಮರ್ (ಸರಪಳಿಯಂಥ ಉದ್ದ ಅಣುಗಳ ಪದಾರ್ಥ) ಒಳಗೆ ಕೂರಿಸಿ ಪುಡಿ ಮಾಡಿಡುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. ಇದಕ್ಕೆ ಎನ್‌ಕ್ಯಾಪ್ಸುಲೇಶನ್ ಅನ್ನುತ್ತಾರೆ. ಆಹಾರ ವಿಜ್ಞಾನ ಓದುತ್ತಿರುವವರಿಗೆ ಪ್ರಾಜೆಕ್ಟ್‌ಗೂ ಆಗುತ್ತದೆ, ಮನೆಯಲ್ಲೇ ಶರಬತ್ತು ಮಾಡಿ ಮಾರುವವರಿಗೂ ಆಗುತ್ತದೆ.

ಉತ್ತರ ಕನ್ನಡದ ಕಡೆಯವರು ಮುರುಗಲು ಅನ್ನುವುದೂ ಇದನ್ನೇ, ಅಂಗಡಿಯಲ್ಲಿ ಕೋಕಂ ಅಂತ ಸಿಗುವುದೂ ಇದನ್ನೇ.

ಕವಚದಿಂದ ಏನಾಗುತ್ತದೆ, ಏನಾಗುವುದಿಲ್ಲ

ಪುನರ್ಪುಳಿಯ ಕೆಂಪು ಆಂಥೋಸಯನಿನ್ ಅನ್ನುವ ಗುಂಪಿನದ್ದು. ಇದರಲ್ಲಿ ಮುಖ್ಯವಾಗಿ ಇರುವುದು ಸಯನಿಡಿನ್ ಅನ್ನುವ ಅಣು, ಅದಕ್ಕೆ ಸಕ್ಕರೆ ಅಂಟಿಕೊಂಡಿರುತ್ತದೆ. ಈ ಅಣುವಿಗೆ ಶತ್ರುಗಳು ಜಾಸ್ತಿ: ನೀರು, ಗಾಳಿಯ ಆಮ್ಲಜನಕ, ಬೆಳಕು, ಬಿಸಿ, ಜೊತೆಗೆ ಪಿಎಚ್ ಏರುಪೇರು (ಪಿಎಚ್ ಅಂದರೆ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ). ಪಿಎಚ್ 3ಕ್ಕಿಂತ ಕೆಳಗೆ ಕೆಂಪಾಗಿರುತ್ತದೆ, 4-5ರ ಹತ್ತಿರ ಬಣ್ಣವೇ ಬಹುಪಾಲು ಮಾಯ, 6-7ಕ್ಕೆ ನೇರಳೆ-ನೀಲಿ, ಇನ್ನೂ ಮೇಲೆ ಹೋದರೆ ಒಡೆದು ಹಳದಿ. ನಂಬಿಕೆ ಬಾರದಿದ್ದರೆ ಒಂದು ಲೋಟ ತೆಳು ರಸಕ್ಕೆ ಅಡುಗೆ ಸೋಡಾ ಸ್ವಲ್ಪ ಸ್ವಲ್ಪವೇ ಉದುರಿಸುತ್ತಾ ನೋಡಿ. ನೊರೆ ಏಳುತ್ತಾ ಏಳುತ್ತಾ ಕೆಂಪು ಮಂಕಾಗಿ, ಕೊನೆಗೆ ಕೊಳಕು ಬೂದು-ನೀಲಿಗೆ ಬಂದು ನಿಲ್ಲುತ್ತದೆ.

ಈಗ ನೇರ ಮಾತು. ಕವಚ ಅಂದರೆ ಮಾಯದ ಕೊಡೆ ಅಲ್ಲ. ಗೋಂದು, ಮಾಲ್ಟೋಡೆಕ್ಸ್‌ಟ್ರಿನ್ (ಪಿಷ್ಟವನ್ನು ಒಡೆದು ಮಾಡಿದ ಪುಡಿ) ಇವು ಮಾಡುವ ದೊಡ್ಡ ಕೆಲಸ ಒಂದೇ. ನೀರು ಹೋದ ಮೇಲೆ ಗಟ್ಟಿಯಾಗಿ ನಿಂತು, ಒಳಗಿರುವ ಬಣ್ಣದ ಅಣು ಅಲುಗಾಡದಂತೆ, ಆಮ್ಲಜನಕ ಸುಲಭವಾಗಿ ಒಳಗೆ ಬಾರದಂತೆ ಹಿಡಿದಿಡುತ್ತವೆ. ಪುಡಿ ಮತ್ತೆ ತೇವ ಎಳೆದುಕೊಂಡರೆ ಆ ಹಿಡಿತ ಸಡಿಲ. ಪುಡಿಯನ್ನು ನೀರಿಗೆ ಹಾಕಿದ ಕ್ಷಣ ಕವಚ ಕರಗಿ ಹೋಗುತ್ತದೆ, ಬಣ್ಣ ಮೊದಲಿನ ಹಾಗೇ ಬೆತ್ತಲೆ. ಹಾಗಾಗಿ ‘ಕವಚ ಹಾಕಿದ ಬಣ್ಣ ಕುದಿಸಿದರೂ ಹೋಗಲ್ಲ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನೀವು ಉಳಿಸುತ್ತಿರುವುದು ಕಪಾಟಿನಲ್ಲಿ ಇಟ್ಟಿರುವಾಗಿನ ಬಣ್ಣವನ್ನು. ಈ ಕೆಲಸದಲ್ಲಿ ಯಾವ ಪಾಲಿಮರ್ ಹಾಕಿದಿರಿ ಅನ್ನುವುದರಷ್ಟೇ, ನನ್ನ ಪ್ರಕಾರ ಅದಕ್ಕಿಂತ ಜಾಸ್ತಿ, ನೀರು ಎಷ್ಟು ಚೆನ್ನಾಗಿ ತೆಗೆದಿರಿ, ತೆಗೆದ ಮೇಲೆ ಎಷ್ಟು ಹುಷಾರಾಗಿ ಮುಚ್ಚಿಟ್ಟಿರಿ ಅನ್ನುವುದು ಮುಖ್ಯ.

ನಿಮ್ಮ ಬಣ್ಣ ನೀರಿನದ್ದೋ ಎಣ್ಣೆಯದ್ದೋ

ಪಾಲಿಮರ್ ಆರಿಸುವ ಮೊದಲು ಇದು ಗೊತ್ತಿರಬೇಕು. ಒಂದು ಲೋಟದಲ್ಲಿ ಅರ್ಧ ನೀರು, ಮೇಲೆ ಅರ್ಧ ಎಣ್ಣೆ ಹಾಕಿ, ಬಣ್ಣ ಬೆರೆಸಿ ಕಲಕಿ, ಬಿಟ್ಟು ನೋಡಿ. ಬಣ್ಣ ಕೆಳಗೆ ನಿಂತರೆ ನೀರಿನದ್ದು, ಮೇಲೆ ನಿಂತರೆ ಎಣ್ಣೆಯದ್ದು. ಪುನರ್ಪುಳಿ, ನೇರಳೆ ಹಣ್ಣು, ಶಂಖಪುಷ್ಪ ಇವೆಲ್ಲ ನೀರಿನ ಕಡೆ. ಬೀಟ್‌ರೂಟ್, ಕೆಂಪು ಹರಿವೆ, ಬಸಳೆ ಹಣ್ಣಿನ ಬಣ್ಣವೂ ನೀರಿನದ್ದೇ, ಆದರೆ ಅವು ಬೀಟಲೇನ್ ಅನ್ನುವ ಬೇರೆ ಗುಂಪು, ಪಿಎಚ್ 3ರಿಂದ 7ರವರೆಗೆ ಹೆಚ್ಚು ಬದಲಾಗುವುದಿಲ್ಲ, ಬಿಸಿಗೆ ಮಾತ್ರ ಬೇಗ ಸೋಲುತ್ತವೆ. ಬ್ಯಾಡಗಿ ಮೆಣಸಿನಕಾಯಿ, ಚೆಂಡು ಹೂವು, ಅರಿಸಿನ ಎಣ್ಣೆಯ ಕಡೆ.

ಇಷ್ಟು ಗೊತ್ತಾದರೆ ಮುಂದಿನದು ಸುಲಭ. ನೀರಿನ ಬಣ್ಣಕ್ಕೆ ಗೋಂದು-ಮಾಲ್ಟೋಡೆಕ್ಸ್‌ಟ್ರಿನ್ ಹಾಕಿ ಒಣಗಿಸಿ ಪುಡಿ. ಎಣ್ಣೆಯ ಬಣ್ಣಕ್ಕೆ ಆಲ್ಜಿನೇಟ್ ಅನ್ನುವ ಕಡಲಪಾಚಿಯ ಲೋಳೆಯಿಂದ ಮಾಡುವ ಮಣಿ. ಪಿಎಲ್‌ಎ ತರಹದ ಪ್ಲಾಸ್ಟಿಕ್ ಜಾತಿಯ ಪಾಲಿಮರ್‌ಗಳೂ ಇವೆ, ಆದರೆ ಅವನ್ನು ಕರಗಿಸಲು ವಿಷದ ದ್ರಾವಕ ಬೇಕು. ತಿನ್ನುವ ಪದಾರ್ಥಕ್ಕೆ ಅದರ ಸಹವಾಸ ಬೇಡ.

ಪುನರ್ಪುಳಿಗೆ ಮಣಿ ಯಾಕೆ ಕೂರುವುದಿಲ್ಲ

ಮೊಬೈಲ್‌ನಲ್ಲಿ ಬಣ್ಣಬಣ್ಣದ ಮಣಿ ಮಾಡುವ ವಿಡಿಯೋಗಳು ಬೇಕಾದಷ್ಟಿವೆ. ಆಲ್ಜಿನೇಟ್ ಬೆರೆಸಿದ ರಸವನ್ನು ಕ್ಯಾಲ್ಸಿಯಂ ನೀರಿಗೆ ತೊಟ್ಟಿಕ್ಕಿದರೆ ಆಯ್ತು ಅನ್ನುತ್ತಾರೆ. ಪುನರ್ಪುಳಿಗೆ ಅದನ್ನೇ ಮಾಡಲು ಹೋದರೆ ಎರಡು ಕಡೆ ಸಿಕ್ಕಿಕೊಳ್ಳುತ್ತೀರಿ. ಈ ರಸದ ಪಿಎಚ್ ಸುಮಾರು 2. ಕಡಲಪಾಚಿಯಿಂದ ಬರುವ ಆಲ್ಜಿನೇಟ್ ಪಿಎಚ್ ಮೂರೂವರೆಗಿಂತ ಕೆಳಗೆ ಹೋದರೆ ಆಲ್ಜಿನಿಕ್ ಆಮ್ಲವಾಗಿ ಗಂಟು ಕಟ್ಟುತ್ತದೆ. ಪುಡಿ ಹಾಕಿ ಕಲಕಿದಷ್ಟೂ ಚಮಚಕ್ಕೆ ಲೋಳೆ ಗಂಟುಗಳು ಸುತ್ತಿಕೊಳ್ಳುತ್ತವೆ, ಸಿರಿಂಜಿನಲ್ಲಿ ಇಳಿಯುವುದೇ ಇಲ್ಲ. ಸರಿ, ಹುಳಿ ಕಡಿಮೆ ಮಾಡೋಣ ಅಂತ ಪಿಎಚ್ ಏರಿಸಿದರೆ ಕೆಂಪೇ ಹೋಯಿತು. ಹೇಗೋ ಮಣಿ ಮಾಡಿದಿರಿ ಅಂತಿಟ್ಟುಕೊಳ್ಳಿ, ಆಗಲೂ ಬಣ್ಣದ ಅಣು ಚಿಕ್ಕದು, ಮಣಿಯ ಜಾಲರಿಯ ಕಣ್ಣು ದೊಡ್ಡದು, ಬಣ್ಣವೆಲ್ಲ ಕ್ಯಾಲ್ಸಿಯಂ ನೀರಿಗೆ ಸೋರಿ ಬಟ್ಟಲು ಕೆಂಪು, ಮಣಿ ಪೇಲವ.

ನಾನು ಗೋಂದು ಅನ್ನುತ್ತಿರುವ ಅರೇಬಿಕ್ ಗಮ್‌ಗೆ (ಅಕೇಶಿಯಾ ಮರದ ಅಂಟು) ಈ ಹುಳಿಯ ತಂಟೆ ಇಲ್ಲ. ಹಾಗಾಗಿ ಅದೇ ಸರಿ.

ಬೇಕಾಗುವ ಸಾಮಾನು

ಅರೇಬಿಕ್ ಗಮ್ ಪುಡಿ, ಫುಡ್ ಗ್ರೇಡ್ ಅಂತ ಬರೆದಿರುವುದು. ಅಂಟಿನ ಉಂಡೆಗೆ ತರುವ ಹರಳು ಅಂಟು ಬೇಡ, ಅದು ಯಾವ ಮರದ್ದು ಅಂತ ಅಂಗಡಿಯವರಿಗೂ ಗೊತ್ತಿರುವುದಿಲ್ಲ, ಕಸ-ತೊಗಟೆಯೂ ಇರುತ್ತದೆ. ಮಾಲ್ಟೋಡೆಕ್ಸ್‌ಟ್ರಿನ್ ಪುಡಿ ಕೊಳ್ಳುವಾಗ ಡಿಇ ಅಂಕಿ (ಪಿಷ್ಟ ಎಷ್ಟು ಒಡೆದಿದೆ ಅನ್ನುವುದರ ಅಳತೆ) ನೋಡಿ, 10ರ ಆಸುಪಾಸಿನದ್ದು ಒಳ್ಳೆಯದು. 20ರದ್ದರಲ್ಲಿ ಚಿಕ್ಕ ಸಕ್ಕರೆಗಳು ಜಾಸ್ತಿ, ಪುಡಿ ಬೇಗ ಅಂಟುತ್ತದೆ. ಗ್ರಾಂ ತೋರಿಸುವ ತಕ್ಕಡಿ, ಥರ್ಮಾಮೀಟರ್, ಪಿಎಚ್ ಪಟ್ಟಿ, ತೆಳು ಬಟ್ಟೆ, ಬಟರ್ ಪೇಪರ್ ಅಥವಾ ಸಿಲಿಕೋನ್ ಹಾಳೆ, ಹಣ್ಣು ಒಣಗಿಸುವ ಡಿಹೈಡ್ರೇಟರ್. ಪಾತ್ರೆ ಸ್ಟೀಲ್ ಅಥವಾ ಗಾಜು. ಕಬ್ಬಿಣ ತಾಗಿದರೆ ಬಣ್ಣ ನೀಲಿ-ಕಪ್ಪಿಗೆ ತಿರುಗುತ್ತದೆ. ಅಲ್ಯೂಮಿನಿಯಂ, ತಾಮ್ರವನ್ನು ಈ ಹುಳಿ ತಿಂದುಬಿಡುತ್ತದೆ.

ರಸ ತೆಗೆಯುವುದು

ಚೆನ್ನಾಗಿ ಹಣ್ಣಾದ, ಕಡು ಕೆಂಪಿನ ಪುನರ್ಪುಳಿ ತನ್ನಿ. ತೊಳೆದು, ಎರಡು ಹೋಳು ಮಾಡಿ, ಬೀಜ ತೆಗೆಯಿರಿ (ಬೀಜ ಎಸೆಯಬೇಡಿ, ಒಣಗಿಸಿದರೆ ಮುರುಗಲು ತುಪ್ಪಕ್ಕೆ ಆಗುತ್ತದೆ). ಸಿಪ್ಪೆ ಕಾಲು ಕೆಜಿ ಇದ್ದರೆ ನೀರು ಅರ್ಧ ಲೀಟರ್. ನೀರು 50 ಡಿಗ್ರಿಗೆ ಬಂದಾಗ ಸಿಪ್ಪೆ ಹಾಕಿ, ಕಿವುಚಿ, ಮುಚ್ಚಿ ಒಂದು ಗಂಟೆ ಬಿಡಿ. ಕುದಿಸುವುದು ಬೇಡವೇ ಬೇಡ.

ಸಕ್ಕರೆ ಸೇರಿಸಬಾರದು. ಶರಬತ್ತಿಗೆ ಸಿಪ್ಪೆ-ಸಕ್ಕರೆ ಪದರ ಪದರವಾಗಿ ಹಾಕಿ ಬಿಸಿಲಿಗಿಡುವ ಪದ್ಧತಿ ಶರಬತ್ತಿಗೆ ಸರಿ, ಪುಡಿಗೆ ಅಲ್ಲ. ಸಕ್ಕರೆ, ಹಣ್ಣಿನ ಆಮ್ಲ ಇವು ಒಣಗಿದ ಮೇಲೂ ಮೆತ್ತಗಾಗುವ ಜಾತಿಯವು. ಹಣ್ಣಿನ ಸಕ್ಕರೆಯಾದ ಫ್ರಕ್ಟೋಸ್ ಒಣಗಿ ಗಟ್ಟಿಯಾಗಿ ನಿಲ್ಲಬೇಕಾದರೆ 5 ಡಿಗ್ರಿ ಸೆಲ್ಸಿಯಸ್ ಹತ್ತಿರದ ಚಳಿ ಬೇಕು, ಕರಾವಳಿಯಲ್ಲಿ ಅದೆಲ್ಲಿ ಬರಬೇಕು. ಹಾಗೆಯೇ ಅಂಗಡಿಯ ಉಪ್ಪು ಹಾಕಿದ ಒಣ ಸಿಪ್ಪೆಯೂ ಬೇಡ, ಉಪ್ಪು ತೇವ ಎಳೆಯುತ್ತದೆ.

ಇನ್ನೊಂದು. ಬಣ್ಣ ಉಳಿಯಲಿ ಅಂತ ಕೆಲವರು ವಿಟಮಿನ್ ಸಿ ಹಾಕುತ್ತಾರೆ. ಬೀಟ್‌ರೂಟ್‌ಗೆ ಅದು ಸಹಾಯ ಮಾಡುತ್ತದೆ. ಆಂಥೋಸಯನಿನ್‌ಗೆ ಮಾಡುವುದು ಉಲ್ಟಾ, ಎರಡೂ ಸೇರಿ ಒಂದನ್ನೊಂದು ಹಾಳು ಮಾಡುತ್ತವೆ. ಪುನರ್ಪುಳಿಗೆ ಹಾಕಬೇಡಿ.

ಬಟ್ಟೆಯಲ್ಲಿ ಸೋಸಿ, ಗಾಜಿನ ಪಾತ್ರೆಯಲ್ಲಿ ಮುಚ್ಚಿ, ರಾತ್ರಿ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ತಳದಲ್ಲಿ ಗಸಿ ನಿಂತಿರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಳ್ಳಿ.

ಲೆಕ್ಕ ಹಾಕಿ ಬೆರೆಸುವುದು

ಗೋಂದು ಎಷ್ಟು ಅನ್ನುವುದು ರಸದ ಮೇಲಲ್ಲ, ರಸದೊಳಗಿನ ಘನದ ಮೇಲೆ ನಿಂತಿದೆ. ಬ್ರಿಕ್ಸ್ ಮೀಟರ್ (ದ್ರವದಲ್ಲಿ ಕರಗಿರುವ ಘನ ಶೇಕಡಾ ಎಷ್ಟು ಅಂತ ತೋರಿಸುವ ಉಪಕರಣ) ಇದ್ದರೆ ಅದರ ಅಂಕಿ ಅಂದಾಜಿಗೆ ಸಾಕು. ಕಾಲೇಜಿನಲ್ಲಾದರೆ 10 ಗ್ರಾಂ ರಸವನ್ನು ಓವನ್‌ನಲ್ಲಿ 105 ಡಿಗ್ರಿಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೂ ಒಣಗಿಸಿ, ಉಳಿದದ್ದನ್ನು ತೂಗಿ. 100 ಮಿ.ಲೀ.ಗೆ 6 ಗ್ರಾಂ ಬಂತು ಅಂದುಕೊಳ್ಳಿ. ಅರ್ಧ ಲೀಟರ್‌ಗೆ 30 ಗ್ರಾಂ ಆಯಿತು. ಅದರ ಎರಡು ಪಟ್ಟು, ಅಂದರೆ 60 ಗ್ರಾಂ ಕವಚದ ಪುಡಿ. ಅರ್ಧ ಅರೇಬಿಕ್ ಗಮ್, ಅರ್ಧ ಮಾಲ್ಟೋಡೆಕ್ಸ್‌ಟ್ರಿನ್.

ಪುನರ್ಪುಳಿಯಲ್ಲಿ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ ಬೇಕಾದಷ್ಟಿದೆ, ಅದಕ್ಕೆ ತೇವ ಅಂದರೆ ಪ್ರಾಣ. ಹಾಗಾಗಿ ಎರಡು ಪಟ್ಟು ಕೆಲವು ಸಲ ಸಾಲುವುದಿಲ್ಲ. ಮೊದಲ ಸಲವೇ ರಸವನ್ನು ಮೂರು ಪಾಲು ಮಾಡಿ, ಒಂದಕ್ಕೆ ಒಂದು ಪಟ್ಟು, ಇನ್ನೊಂದಕ್ಕೆ ಎರಡು, ಮತ್ತೊಂದಕ್ಕೆ ಮೂರು ಪಟ್ಟು ಹಾಕಿ ನೋಡಿ. ಜಾಸ್ತಿ ಹಾಕಿದಷ್ಟೂ ಪುಡಿ ಉದುರುದುರಾಗಿ ಬರುತ್ತದೆ, ಆದರೆ ಬಣ್ಣವೂ ತೆಳುವಾಗುತ್ತದೆ, ಖರ್ಚೂ ಏರುತ್ತದೆ. ಎಲ್ಲಿ ನಿಲ್ಲಿಸಬೇಕು ಅನ್ನುವುದು ನಿಮ್ಮ ಊರಿನ ಹವೆ ಮೇಲೆ ಹೋಗುತ್ತದೆ. ಧಾರವಾಡದ ಬೇಸಿಗೆಗೆ ಒಗ್ಗಿದ ಅಳತೆ ಮಂಗಳೂರಿನ ಜುಲೈಗೆ ಒಗ್ಗುವುದಿಲ್ಲ.

ಎರಡೂ ಪುಡಿಯನ್ನು ಒಣಗಿದ್ದಾಗಲೇ ಬೆರೆಸಿಕೊಳ್ಳಿ. ರಸವನ್ನು ಚಮಚದಲ್ಲಿ ತಿರುಗಿಸುತ್ತಾ, ಉಪ್ಪಿಟ್ಟಿಗೆ ರವೆ ಬಿಡುವ ಹಾಗೆ ಸಣ್ಣಗೆ ಉದುರಿಸಿ. ಒಟ್ಟಿಗೆ ಸುರಿದರೆ ಹೊರಗೆ ಲೋಳೆ, ಒಳಗೆ ಒಣ ಪುಡಿ ಇರುವ ಗಂಟು ಆಗುತ್ತದೆ, ಅದು ಬಿಡುವುದು ಕಷ್ಟ. ಮಿಕ್ಸಿ, ಬ್ಲೆಂಡರ್ ಬಳಸಬೇಡಿ. ನೊರೆ ಎದ್ದಷ್ಟೂ ಗಾಳಿ ಒಳಗೆ ಸೇರುತ್ತದೆ, ನಾವು ದೂರವಿಡಬೇಕು ಅಂತಿರುವುದೇ ಆ ಗಾಳಿಯನ್ನು. ಪೂರ್ತಿ ಕರಗಲು ಇನ್ನೊಂದು ರಾತ್ರಿ ಫ್ರಿಜ್‌ನಲ್ಲಿ ಬಿಟ್ಟರೆ ಒಳ್ಳೆಯದು. ಕೊನೆಗೆ ಪಿಎಚ್ ಪಟ್ಟಿ ಅದ್ದಿ ನೋಡಿ, 3ರ ಒಳಗಿರಬೇಕು.

ಒಣಗಿಸುವುದು

ಅರ್ಧ ಲೀಟರ್ ದ್ರಾವಣವನ್ನು 35 ಸೆಂ.ಮೀ. ಉದ್ದ, ಅಷ್ಟೇ ಅಗಲದ ಎರಡು ತಟ್ಟೆಗೆ ಹರಡಿದರೆ ದಪ್ಪ ಸುಮಾರು 2 ಮಿ.ಮೀ. ಬರುತ್ತದೆ. ಅಷ್ಟೇ ಇರಲಿ. ದಪ್ಪ ಹರಡಿದರೆ ಮೇಲೆ ಚರ್ಮ ಕಟ್ಟಿ, ಒಳಗಿನ ನೀರು ಹೊರಗೆ ಬರದೆ ಬಣ್ಣ ಬೇಯುತ್ತಾ ಕೂರುತ್ತದೆ. ಡಿಹೈಡ್ರೇಟರ್ 45ರಿಂದ 50 ಡಿಗ್ರಿ. ಬಿಸಿಲಿಗೆ ಇಡಬೇಡಿ, ಬೆಳಕೇ ಬಣ್ಣ ತಿನ್ನುತ್ತದೆ.

ಆಯಿತೋ ಇಲ್ಲವೋ ಅಂತ ಬಿಸಿಯಲ್ಲಿ ಗೊತ್ತಾಗುವುದಿಲ್ಲ. ಬಿಸಿ ಹಾಳೆ ಒಣಗಿದ್ದರೂ ಬಾಗುತ್ತದೆ. ಒಂದು ತುಂಡು ಕಿತ್ತು, ಮುಚ್ಚಳವಿರುವ ಒಣ ಡಬ್ಬಿಯಲ್ಲಿ ಎರಡು ನಿಮಿಷ ತಣಿಸಿ, ಆಮೇಲೆ ಮುರಿಯಿರಿ. ಪಟ್ ಅಂತ ಮುರಿದು ಅಂಚು ಹೊಳೆದರೆ ಆಗಿದೆ. ಬಾಗಿ, ಬೆರಳಿಗೆ ಸ್ವಲ್ಪ ಅಂಟಿದರೆ ಇನ್ನೂ ಇಡಿ. ಎಷ್ಟು ಹೊತ್ತು ಇಟ್ಟರೂ ಬಾಗುತ್ತಲೇ ಇದ್ದರೆ ಕವಚದ ಪುಡಿ ಸಾಲದು, ಮುಂದಿನ ಸಲ ಅಳತೆ ಏರಿಸಿ.

ಮುರಿದ ಹಾಳೆಯನ್ನು ಮಿಕ್ಸಿಯ ಒಣ ಜಾರಿನಲ್ಲಿ ಬಿಟ್ಟು ಬಿಟ್ಟು ಓಡಿಸಿ. ಸತತ ಓಡಿಸಿದರೆ ಜಾರು ಬಿಸಿಯಾಗಿ ಪುಡಿ ಗೋಡೆಗೆ ಮೆತ್ತಿಕೊಳ್ಳುತ್ತದೆ. ಮಳೆಗಾಲದಲ್ಲಿ ಈ ಕೆಲಸಕ್ಕೆ ಎಸಿ ಕೋಣೆ ಬೇಕು, ಇಲ್ಲವಾದರೆ ಪುಡಿ ನೋಡನೋಡುತ್ತಿದ್ದಂತೆ ಮುದ್ದೆಯಾಗುತ್ತದೆ. ಅದೃಷ್ಟಕ್ಕೆ ಹಣ್ಣು ಬರುವುದು ಮಳೆಗೆ ಮೊದಲು. ಮೇ ಮುಗಿಯುವುದರೊಳಗೆ ಪುಡಿ ಮಾಡಿ ಮುಚ್ಚಿಟ್ಟುಬಿಡಿ.

ಕಾಲೇಜಿನಲ್ಲಿ ಫ್ರೀಜ್ ಡ್ರೈಯರ್ (ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ನೀರು ತೆಗೆಯುವ ಯಂತ್ರ) ಇದ್ದರೆ ಅದೇ ಮೇಲು, ಬಿಸಿಯ ಮಾತೇ ಇಲ್ಲ. ಆದರೆ ಪುಡಿ ಸ್ಪಂಜಿನ ಹಾಗೆ ತೂತು ತೂತಾಗಿ ಬರುವುದರಿಂದ ತೇವ ಎಳೆಯುವುದೂ ಬೇಗ. ಸ್ಪ್ರೇ ಡ್ರೈಯರ್ (ದ್ರವವನ್ನು ಬಿಸಿ ಗಾಳಿಗೆ ಸಣ್ಣ ಹನಿಗಳಾಗಿ ಚಿಮುಕಿಸಿ ಒಣಗಿಸುವ ಯಂತ್ರ) ಆದರೆ ಒಳಹೋಗುವ ಗಾಳಿ 150-160 ಡಿಗ್ರಿ, ಹೊರಬರುವುದು 80-90. ಕೇಳಿದರೆ ಹೆದರಿಕೆ ಆಗುತ್ತದೆ, ಆದರೆ ಹನಿಯಲ್ಲಿ ನೀರು ಇರುವವರೆಗೂ ಅದು ಆರುತ್ತಲೇ ತಂಪಾಗಿರುತ್ತದೆ, ಬಿಸಿಯಲ್ಲಿ ಇರುವುದು ಕೆಲವೇ ಸೆಕೆಂಡು. ಉದ್ಯಮದಲ್ಲಿ ಜಾಸ್ತಿ ನಡೆಯುವುದು ಇದೇ. ದೊಡ್ಡ ಮಟ್ಟದಲ್ಲಿ ಮಾಡುವ ಯೋಚನೆ ಇದ್ದರೆ ಮೈಸೂರಿನ ಸಿಎಫ್‌ಟಿಆರ್‌ಐಯಂಥ ಆಹಾರ ಸಂಶೋಧನಾ ಸಂಸ್ಥೆಯಲ್ಲಿ ವಿಚಾರಿಸಿ, ಯಂತ್ರ ಕೊಳ್ಳುವ ಮೊದಲೇ.

ಪುಡಿಯನ್ನು ಕಂದು ಗಾಜಿನ ಚಿಕ್ಕ ಬಾಟಲಿಗೆ ಕತ್ತಿನವರೆಗೆ ತುಂಬಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬಿಗಿಯಾಗಿ ಮುಚ್ಚಿ. ಒಂದು ದೊಡ್ಡ ಡಬ್ಬಿಗಿಂತ ಹತ್ತು ಚಿಕ್ಕವು ಒಳ್ಳೆಯದು, ಯಾಕಂದರೆ ಪ್ರತಿ ಸಲ ಮುಚ್ಚಳ ತೆಗೆದಾಗಲೂ ತೇವ ಒಳಗೆ ನುಗ್ಗುತ್ತದೆ. ಮಾರುವುದಾದರೆ ಒಳಗೆ ಅಲ್ಯೂಮಿನಿಯಂ ಪದರವಿರುವ ಪೊಟ್ಟಣ. ಪಾರದರ್ಶಕ ಪ್ಲಾಸ್ಟಿಕ್ ಪೊಟ್ಟಣದಲ್ಲಿ ನೋಡಲು ಚೆಂದ ಕಂಡರೂ ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಅದರ ಆಯಸ್ಸು ಕಡಿಮೆ.

ಬಣ್ಣ ನಿಜವಾಗಿ ಉಳಿಯಿತಾ

ಹೋಲಿಸಲು ಏನೂ ಇಡದೆ ‘ಚೆನ್ನಾಗಿದೆ’ ಅಂದರೆ ಅದಕ್ಕೆ ಬೆಲೆ ಇಲ್ಲ. ಕವಚ ಹಾಕದ ಅದೇ ರಸವನ್ನು ಒಂದು ಬಾಟಲಿಯಲ್ಲಿ, ಪುಡಿಯನ್ನು ಇನ್ನೊಂದರಲ್ಲಿ, ಒಟ್ಟೊಟ್ಟಿಗೆ ಇಡಿ. ಒಂದು ಜೋಡಿ ಫ್ರಿಜ್‌ನಲ್ಲಿ, ಒಂದು ಕಪಾಟಿನ ಕತ್ತಲಲ್ಲಿ, ಒಂದು ಕಿಟಕಿಯ ಬೆಳಕಿನಲ್ಲಿ. ವಾರಕ್ಕೊಮ್ಮೆ ಎರಡರಿಂದಲೂ ಆರಂಭದಲ್ಲಿ ಒಂದೇ ಬಣ್ಣ ಬರುತ್ತಿದ್ದ ಅಳತೆ ತೆಗೆದು, ನೀರಿಗೆ ಹಾಕಿ, ಬಿಳಿ ಹಾಳೆ ಹಿಂದಿಟ್ಟು, ಅದೇ ಜಾಗ ಅದೇ ಬೆಳಕಿನಲ್ಲಿ ಫೋಟೋ ತೆಗೆಯಿರಿ. ಮನೆಗೆ ಇಷ್ಟು ಸಾಕು.

ಪ್ರಾಜೆಕ್ಟ್ ಮಾಡುವವರಿಗೆ ಪಿಎಚ್ ವ್ಯತ್ಯಾಸದ ವಿಧಾನ ಇದೆ. ಸ್ಯಾಂಪಲ್ ಅನ್ನು ಪಿಎಚ್ 1.0 ಬಫರ್‌ನಲ್ಲೂ (0.025 ಮೋಲಾರ್ ಪೊಟ್ಯಾಶಿಯಂ ಕ್ಲೋರೈಡ್) ಪಿಎಚ್ 4.5 ಬಫರ್‌ನಲ್ಲೂ (0.4 ಮೋಲಾರ್ ಸೋಡಿಯಂ ಅಸಿಟೇಟ್) ಒಂದೇ ಪ್ರಮಾಣದಲ್ಲಿ ತೆಳು ಮಾಡಿ, ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ (ಬಣ್ಣ ಎಷ್ಟು ಬೆಳಕು ಹೀರುತ್ತದೆ ಅಂತ ಅಳೆಯುವ ಯಂತ್ರ) 520 ಮತ್ತು 700 ನ್ಯಾನೋಮೀಟರ್‌ಗೆ ಓದಿ. ಎರಡರಲ್ಲೂ 520ರ ಓದಿನಿಂದ 700ರದ್ದನ್ನು ಕಳೆಯಿರಿ, ಆಮೇಲೆ ಪಿಎಚ್ 1ರ ಉತ್ತರದಿಂದ 4.5ರ ಉತ್ತರ ಕಳೆಯಿರಿ. ಬಂದದ್ದನ್ನು 449.2ರಿಂದ (ಸಯನಿಡಿನ್-ಗ್ಲುಕೋಸೈಡ್‌ನ ಅಣುತೂಕ), ಎಷ್ಟು ಪಟ್ಟು ತೆಳು ಮಾಡಿದಿರೋ ಅದರಿಂದ, ಮತ್ತೆ 1000ದಿಂದ ಗುಣಿಸಿ, 26,900ರಿಂದ (ಅದು ಬೆಳಕು ಹೀರುವ ಅಳತೆ) ಭಾಗಿಸಿದರೆ ಲೀಟರ್‌ಗೆ ಎಷ್ಟು ಮಿ.ಗ್ರಾಂ ಅಂತ ಸಿಗುತ್ತದೆ. ಉದಾಹರಣೆಗೆ ವ್ಯತ್ಯಾಸ 0.60, ತೆಳು ಮಾಡಿದ್ದು 20 ಪಟ್ಟು ಆದರೆ ಉತ್ತರ ಸುಮಾರು 200.

ಕವಚದ ಹೊರಗೆ ಎಷ್ಟು ಬಣ್ಣ ಉಳಿಯಿತು ಅಂತಲೂ ನೋಡಬಹುದು. ಗೋಂದು, ಮಾಲ್ಟೋಡೆಕ್ಸ್‌ಟ್ರಿನ್ ಎರಡೂ ಶುದ್ಧ ಎಥನಾಲ್‌ನಲ್ಲಿ ಕರಗುವುದಿಲ್ಲ. ಸ್ವಲ್ಪ ಪುಡಿಯನ್ನು ಎಥನಾಲ್‌ನಲ್ಲಿ ಬೇಗ ತೊಳೆದು ಸೋಸಿದರೆ ಮೇಲ್ಮೈ ಬಣ್ಣ ಮಾತ್ರ ಬರುತ್ತದೆ. ಅದನ್ನು ಒಟ್ಟು ಬಣ್ಣದಿಂದ ಕಳೆದರೆ ಒಳಗೆ ಸಿಕ್ಕಿಕೊಂಡದ್ದು ಎಷ್ಟು ಅಂತ ಲೆಕ್ಕ ಸಿಗುತ್ತದೆ. ಮೇಲ್ಮೈಯದ್ದು ಜಾಸ್ತಿ ಇದ್ದರೆ ಅದೇ ಮೊದಲು ಹೋಗುತ್ತದೆ.

ಎಲ್ಲಿ ಬಳಸಬೇಕು? ಶರಬತ್ತಿನ ಪುಡಿ, ಜೆಲ್ಲಿ, ಹುಳಿ ಇರುವ ಸಾರಿನ ಪುಡಿ ಇಂಥವಕ್ಕೆ ಚೆನ್ನಾಗಿದೆ. ಸೋಡಾ ಹಾಕಿದ ಕೇಕ್‌ಗೆ, ಹಾಲಿನ ಪಾಯಸಕ್ಕೆ ಹಾಕಿದರೆ ಮಂಕು ಬಣ್ಣ ಬರುತ್ತದೆ, ಹಾಲು ಒಡೆಯಲೂಬಹುದು.

ಎಣ್ಣೆಯ ಬಣ್ಣಕ್ಕಾದರೆ ಮಣಿ

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತು) ಸಿಕ್ಕಿತು. ಅದರ ಬೆಲೆ ಇರುವುದೇ ಖಾರಕ್ಕಿಂತ ಬಣ್ಣದ ಮೇಲೆ, ಬಣ್ಣ ಹೋಗದಿರಲಿ ಅಂತಲೇ ವ್ಯಾಪಾರಿಗಳು ಕಾಯಿಯನ್ನು ಕೋಲ್ಡ್ ಸ್ಟೋರೇಜ್‌ನಲ್ಲಿ ಇಡುತ್ತಾರೆ. ಈ ಕೆಂಪು ಕ್ಯಾರೊಟಿನಾಯ್ಡ್ ಜಾತಿ, ಬೆಳಕು-ಗಾಳಿಗೆ ಬೇಗ ಮಾಸುತ್ತದೆ. ಮೆಣಸಿನ ಪುಡಿಯನ್ನು 60-70 ಡಿಗ್ರಿಯ ಬೆಚ್ಚಗಿನ ಎಣ್ಣೆಯಲ್ಲಿ ನೆನೆಸಿ ಸೋಸಿದರೆ ಬಣ್ಣ ಎಣ್ಣೆಗೆ ಬರುತ್ತದೆ.

100 ಮಿ.ಲೀ. ಡಿಸ್ಟಿಲ್ಡ್ ಅಥವಾ ಆರ್‌ಒ ನೀರಿಗೆ 2 ಗ್ರಾಂ ಸೋಡಿಯಂ ಆಲ್ಜಿನೇಟ್ ಕರಗಿಸಿ. ಬೋರ್‌ವೆಲ್ ನೀರು ಬೇಡ, ಅದರ ಕ್ಯಾಲ್ಸಿಯಂಗೆ ಬಟ್ಟಲಲ್ಲೇ ಗಟ್ಟಿಯಾಗಲು ಶುರುವಾಗುತ್ತದೆ. 10 ಗ್ರಾಂ ಬಣ್ಣದ ಎಣ್ಣೆ ಸೇರಿಸಿ, ಇಲ್ಲಿ ಮಾತ್ರ ಬ್ಲೆಂಡರ್ ಬೇಕೇ ಬೇಕು, ಎಣ್ಣೆ ಸಣ್ಣ ಹನಿಗಳಾಗಿ ಒಡೆಯಬೇಕು. ಗುಳ್ಳೆ ಹೋಗಲು ಬಿಟ್ಟು, ಸಿರಿಂಜಿನಿಂದ ಒಂದೊಂದೇ ಹನಿಯಾಗಿ 2 ಶೇಕಡಾ ಕ್ಯಾಲ್ಸಿಯಂ ಕ್ಲೋರೈಡ್ ನೀರಿಗೆ ಬಿಡಿ. ಹನಿ ತಾಗಿದ ಕೂಡಲೇ ಸುತ್ತ ಚರ್ಮ ಕಟ್ಟುತ್ತದೆ. ಹದಿನೈದು-ಇಪ್ಪತ್ತು ನಿಮಿಷ ಬಿಟ್ಟು, ಸೋಸಿ, ತೊಳೆದು, 40 ಡಿಗ್ರಿಯಲ್ಲಿ ಒಣಗಿಸಿ. ಎಣ್ಣೆ ನೀರಿಗೆ ಹೋಗಲು ಒಪ್ಪದ ಕಾರಣ ಬಣ್ಣ ಸೋರುವುದು ಕಡಿಮೆ. ಮಣಿ ಬಾಲ ಬಂದು ಗೊದಮೊಟ್ಟೆ ಆಕಾರವಾದರೆ ದ್ರಾವಣ ದಪ್ಪ ಇದೆ ಅಂತ, ಸ್ವಲ್ಪ ತೆಳು ಮಾಡಿ ಅಥವಾ ಸಿರಿಂಜ್ ಸ್ವಲ್ಪ ಎತ್ತರಕ್ಕೆ ಹಿಡಿಯಿರಿ.

ಇನ್ನೂ ಗಟ್ಟಿ ಬೇಕಾದರೆ ಒದ್ದೆ ಮಣಿಯನ್ನು ಹುಳಿ ನೀರಿನಲ್ಲಿ ಕರಗಿಸಿದ ಕೈಟೋಸಾನ್‌ನಲ್ಲಿ ಒಮ್ಮೆ ಅದ್ದಬಹುದು. ಆಲ್ಜಿನೇಟ್‌ಗೆ ಋಣ ಆವೇಶ, ಕೈಟೋಸಾನ್‌ಗೆ ಧನ, ಎರಡೂ ಅಂಟಿಕೊಂಡು ಇನ್ನೊಂದು ಪದರ ಬರುತ್ತದೆ. ಆದರೆ ಪೇಟೆಯ ಕೈಟೋಸಾನ್ ಬಹುತೇಕ ಸೀಗಡಿ, ಏಡಿಯ ಚಿಪ್ಪಿನಿಂದ ಬಂದದ್ದು. ಮಾರುವುದಾದರೆ ಅದನ್ನು ಮುಚ್ಚಿಟ್ಟು ಪೊಟ್ಟಣದ ಮೇಲೆ ಹಸಿರು ಚುಕ್ಕೆ ಹಾಕುವ ಹಾಗಿಲ್ಲ, ಚಿಪ್ಪುಜೀವಿ ಅಲರ್ಜಿ ಇರುವವರಿಗೂ ತಿಳಿಸಬೇಕು. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಪ್ರಾಧಿಕಾರ) ಪರವಾನಗಿಗೆ ಅರ್ಜಿ ಹಾಕುವಾಗಲೇ ಬಣ್ಣ, ಗೋಂದು, ಮಾಲ್ಟೋಡೆಕ್ಸ್‌ಟ್ರಿನ್ ಎಲ್ಲವನ್ನೂ ಪದಾರ್ಥಗಳ ಪಟ್ಟಿಯಲ್ಲಿ ಬರೆದು, ನಿಮ್ಮ ಉತ್ಪನ್ನಕ್ಕೆ ಯಾವುದು ಎಷ್ಟರ ಮಟ್ಟಿಗೆ ನಡೆಯುತ್ತದೆ ಅಂತ ಕೇಳಿಕೊಳ್ಳಿ. ಲೇಬಲ್ ಮುದ್ರಿಸುವುದು ಅದಾದ ಮೇಲೆ.